ಎಂಟು ಕೋರು, ಒಂದು ಸಿಟ್ಟು

“ಬ್ಯಾಡ್ರಿ. ಎಂಟು ಕೋರಿನ ಪ್ರೊಸೆಸರ್ ನಿಮಗ ಬೇಕಾಗಂಗಿಲ್ಲ.”

ದ್ಯಾಮೇಶ ಇದನ್ನು ತಲೆ ಎತ್ತದೆಯೇ ಹೇಳಿದ. ಕೈಯಲ್ಲಿ ಸಣ್ಣ ಸ್ಕ್ರೂ ಡ್ರೈವರು, ಮುಂದೆ ಯಾರದೋ ಹೊಟ್ಟೆ ಬಿಚ್ಚಿದ ಲ್ಯಾಪ್‌ಟಾಪು. ಕೌಂಟರಿನ ಈಚೆ ನಿಂತಿದ್ದ ನಿರ್ಮಲಾಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು.

ಗಜೇಂದ್ರಗಡದಿಂದ ರೋಣಕ್ಕೆ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ತನಗೆ ತಾನೇ ಒಂದು ಮಾತು ಹೇಳಿಕೊಂಡಿದ್ದಳು. ಸಿಟ್ಟಿಗೇಳಬಾರದು. ಗಿರಾಕಿಯ ಹಾಗೆ ಹೋಗಬೇಕು, ಕೇಳಬೇಕು, ಬರಬೇಕು. ಆ ಶಪಥ ಅಂಗಡಿಯೊಳಗೆ ಎರಡು ನಿಮಿಷವೂ ಬಾಳಲಿಲ್ಲ.

“ನನ್ನ ಮಷಿನ್ ನೋಡೀರೇನು?”

“ಇಲ್ರಿ.”

“ನಾ ಯಾವ ಸಾಫ್ಟ್‌ವೇರ್‌ನ್ಯಾಗ ಕೆಲಸ ಮಾಡ್ತೀನಿ ಅಂತ ಕೇಳೀರೇನು?”

“ಮದುವಿ ವಿಡಿಯೋ ಎಡಿಟಿಂಗ್ ಅಲ್ರಿ? ಈ ಕಡೆ ಎಲ್ಲಾರೂ ಅದ ಹಳೇ ವರ್ಷನ್ ಇಟ್ಕೊಂಡಾರ. ಅದು ಒಂದೆರಡು ಕೋರಿಗಿಂತ ಜಾಸ್ತಿ ಮುಟ್ಟೂದಿಲ್ಲ. ಈಗ ನೋಡ್ರಿ, ರೊಟ್ಟಿ ಬಡ್ಯಾಕ ಎಂಟು ಮಂದಿ ಹೆಣ್ಮಕ್ಕಳನ್ನ ಕರದೀರಿ ಅಂತ ತಿಳೀರಿ. ಹಿಟ್ಟು ನಾದಾಕಿ ಒಬ್ಬಾಕಿನ. ಆಕಿ ನಾದೂತನಕ ಉಳಿದ ಏಳು ಮಂದಿ ಸುಮ್ನ ಕುಂದ್ರಬೇಕಾಗ್ತೈತಿ.”

“ಗಂಡಸರು ಬಂದ್ರ ಯಾವ ಉದಾಹರಣಿ ಕೊಡ್ತೀರಿ?”

ಈಗ ಅವನು ತಲೆ ಎತ್ತಿದ. ಒಂದು ಗಳಿಗೆ ಯೋಚಿಸಿದ.

“ಟ್ರ್ಯಾಕ್ಟರ್,” ಎಂದ.

ಹೇಳಿದ ಮೇಲೆ ತಾನು ಏನಂದೆನೆಂದು ಅವನಿಗೇ ಹೊಳೆದಿರಬೇಕು. ಕಿವಿಯ ತುದಿ ಕೆಂಪಗಾಯಿತು. ಅವನ ಕಿವಿ ಹಾಗೆ ಕೆಂಪಾಗುವುದನ್ನು ನಿರ್ಮಲಾ ಹಿಂದೆಯೂ ಒಮ್ಮೆ ನೋಡಿದ್ದಳು. ಅದು ನೆನಪಾಗಿದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ನಿರ್ಮಲಾಳಿಗೆ ಇಪ್ಪತ್ತೊಂಬತ್ತು ವರ್ಷ. ಗಜೇಂದ್ರಗಡದ ಪೇಟೆಯಲ್ಲಿ ಅಪ್ಪ ಬಿಟ್ಟುಹೋದ ಫೋಟೊ ಸ್ಟುಡಿಯೋ ಅವಳದು. ಮುಂದಿನ ಕೋಣೆಯಲ್ಲಿ ಅವ್ವ ಶೇಖವ್ವ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಾಳೆ. ಹಿಂದಿನ ಕೋಣೆಯಲ್ಲಿ ಮಗಳು ಮೂರು ತಾಲೂಕಿನ ಮದುವೆಗಳನ್ನು ಕತ್ತರಿಸಿ ಜೋಡಿಸುತ್ತಾಳೆ. ನರಗುಂದದ ವಿಡಿಯೋಗ್ರಾಫರ್ ಆಫ್ತಾಬ ಈ ಸೀಜನ್ನಿನ ತನ್ನೆಲ್ಲ ಮದುವೆಗಳನ್ನೂ ಅವಳಿಗೇ ಕೊಡುತ್ತೇನೆ ಎಂದಿದ್ದ. ಷರತ್ತು ಒಂದೇ. ಒಂದೊಂದು ಮದುವೆಯೂ ನಾಲ್ಕು ದಿನದಲ್ಲಿ ಕೈಗೆ ಬರಬೇಕು, ಇಲ್ಲವಾದರೆ ಕೆಲಸ ಹುಬ್ಬಳ್ಳಿಗೆ ಹೋಗುತ್ತದೆ. ಅವಳ ಹಳೆಯ ನಾಲ್ಕು ಕೋರಿನ ಕಂಪ್ಯೂಟರು ಒಂದು ಮದುವೆಗೆ ಒಂಬತ್ತು ದಿನ ತಿನ್ನುತ್ತಿತ್ತು.

ನರಗುಂದದಲ್ಲಿ ಒಂದು ಅಂಗಡಿಗೆ ಹೋದರೆ ಅವರು ಹದಿನಾರು ಕೋರು, ಗಾಜಿನ ಡಬ್ಬಿ, ಒಳಗೆ ಬಣ್ಣದ ದೀಪ ಎಂದೆಲ್ಲ ತೋರಿಸಿದರು. ದೀಪ ಯಾತಕ್ಕೆ ಎಂದು ಕೇಳಿದರೆ ಬೆಲೆ ಹೇಳಿದರು. “ಅಕ್ಕಾ, ರೋಣದಾಗ ದ್ಯಾಮೇಶನ್ನ ಒಂದ್ ಸಲ ಕೇಳ್ರಿ. ಸುಳ್ಳು ಹೇಳಿ ಮಾಲು ಮಾರಾಂವಲ್ಲ,” ಎಂದ ಆಫ್ತಾಬ. ಆ ಹೆಸರಿನ ಹಿಂದಿನ ಕತೆ ಅವನಿಗೇನು ಗೊತ್ತು.

ಹನ್ನೊಂದು ತಿಂಗಳ ಹಿಂದೆ ಇದೇ ದ್ಯಾಮೇಶ ತನ್ನ ದೊಡ್ಡಪ್ಪ ತೋಟಪ್ಪನ ಜೊತೆ ಅವಳನ್ನು ನೋಡಲು ಬಂದಿದ್ದ. ಹಿರಿಯರು ಮುಂದಿನ ಕೋಣೆಯಲ್ಲಿ ಅವಲಕ್ಕಿ ತಿನ್ನುವಾಗ ಇವರಿಬ್ಬರೂ ಹಿಂದಿನ ಕೋಣೆಯಲ್ಲಿ ಹತ್ತು ನಿಮಿಷ ಮಾತಾಡಿದ್ದರು. ಅವನು ಮಾನಿಟರ್ ನೋಡಿ, “ಕಲರ್ ಭಾಳ ಚಲೋ ಮಾಡೀರಿ,” ಅಂದಿದ್ದ. ಅವಳ ಕಡೆ ನೋಡಲು ಹೋಗಿ, ನೋಡಲಾಗದೆ, ಮತ್ತೆ ಮಾನಿಟರನ್ನೇ ನೋಡಿದ್ದ. ಕಿವಿ ಕೆಂಪಾಗಿತ್ತು. ಅವಳು ನಕ್ಕುಬಿಟ್ಟಿದ್ದಳು. ಅಂದಿನಿಂದ ಎರಡು ದಿನ ಅವಳು ಮಾಡಿದ ಕೆಲಸವೆಲ್ಲ ಹಾಡು ಗುನುಗುತ್ತಲೇ ಆಗಿತ್ತು.

ಮೂರನೆಯ ದಿನ ಹೇಳಿಕೆ ಬಂತು. ಹುಡುಗ ಒಲ್ಲೆ ಅಂದಾನ. ಕಾರಣ ಯಾರೂ ಹೇಳಲಿಲ್ಲ.

“ಬರ್ತೀನ್ರಿ,” ಎಂದು ನಿರ್ಮಲಾ ಬ್ಯಾಗು ಹೆಗಲಿಗೇರಿಸಿದಳು. “ನನಗ ಏನ್ ಬೇಕು, ಏನ್ ಬ್ಯಾಡ ಅನ್ನೂದು ನನ್ನ ಕೇಳ್ದನ ಹೇಳೂ ಚಟ ನಿಮಗ ಹಳೇದು. ಮರ್ತಿದ್ದೆ. ತಪ್ಪು ನಂದ.”

ಅವನು ಬಾಯಿ ತೆರೆದ. ಅವಳು ಆಗಲೇ ಮೆಟ್ಟಿಲಿಳಿದಿದ್ದಳು.

ಮನೆಗೆ ಬಂದವಳು ಊಟಕ್ಕೂ ಕೂರಲಿಲ್ಲ. “ಏನಾತು ನಿಮ್ಮಿ?” ಎಂದು ಶೇಖವ್ವ ಬಾಗಿಲಲ್ಲಿ ನಿಂತು ಕೇಳಿದರೆ, “ಏನೂ ಆಗಿಲ್ಲ ಬೇ,” ಎಂದು ಮೌಸನ್ನು ಮೇಜಿಗೆ ಕುಕ್ಕಿದಳು.

ಅಸೂಟಿಯ ಒಂದು ಮದುವೆಯ ಹಾಡನ್ನು ಎಕ್ಸ್‌ಪೋರ್ಟಿಗೆ, ಅಂದರೆ ಪೂರ್ತಿ ವಿಡಿಯೋ ಆಗಿ ಹೊರತೆಗೆಯಲು, ಹಾಕಿದಳು. ಅದು ಓಡುತ್ತಿರುವಾಗ ಪ್ರೊಸೆಸರಿನ ಒಳಗೆ ಏನಾಗುತ್ತಿದೆ ಎಂದು ತೋರಿಸುವ ಕಿಟಕಿಯನ್ನು ತೆರೆದಳು. ನಾಲ್ಕು ಕೋರಿಗೆ ನಾಲ್ಕು ಗೆರೆ. ನಾಲ್ಕೂ ನೂರಕ್ಕೆ ಏರಿ ಅಲ್ಲೇ ಅಂಟಿಕೊಂಡಿದ್ದವು. ಸುಮ್ಮನೆ ಕೂತವರು ಒಬ್ಬರೂ ಇರಲಿಲ್ಲ. ಸಾಫ್ಟ್‌ವೇರನ್ನು ಅವಳು ಹೋದ ವರ್ಷವೇ ಹೊಸದು ಮಾಡಿಸಿದ್ದಳು. ಅವನು ಕೇಳಿದ್ದರೆ ಹೇಳುತ್ತಿದ್ದಳು.

ಮೊಬೈಲಿನಲ್ಲಿ ಆ ಗೆರೆಗಳ ಫೋಟೊ ತೆಗೆದು, ಅಂಗಡಿಯ ಬೋರ್ಡಿನ ಮೇಲೆ ನೋಡಿಟ್ಟುಕೊಂಡಿದ್ದ ನಂಬರಿಗೆ ಕಳಿಸಿದಳು. ಒಂದಕ್ಷರವನ್ನೂ ಬರೆಯಲಿಲ್ಲ.

ಎರಡು ನಿಮಿಷಕ್ಕೆ ಉತ್ತರ ಬಂತು. “ತಪ್ಪಾತ್ರಿ. ನೋಡ್ದನ ಹೇಳಬಾರ್ದಿತ್ತು.” ಆಮೇಲೆ ಇನ್ನೊಂದು. “ಅಂಗಡ್ಯಾಗ ನಂದ ಒಂದು ಎಂಟು ಕೋರಿನ ಮಷಿನ್ ಐತಿ. ನಾಳೆ ತರ್ತೀನಿ. ಎರಡನ್ನೂ ಬಾಜೂಕ ಇಟ್ಟು ಓಡ್ಸಿ ನೋಡೂಣು. ಬರ್ಲೇನ್ರಿ?”

“ಬ್ಯಾಡ,” ಎಂದು ಬರೆದು ಕಳಿಸಿದಳು.

ಕಳಿಸಿದ ಮೇಲೆ ಆ ಪದವನ್ನೇ ನೋಡುತ್ತ ಕೂತಳು. ಅದು ಅವನ ಬಾಯಿಯ ಮಾತಿನ ಹಾಗೆ ಕಂಡಿತು. ಕೆಲಸ ಹುಬ್ಬಳ್ಳಿಗೆ ಹೋದರೆ ಹೋಗುವುದು ಇವಳದು, ಅವನದಲ್ಲ. ಹಲ್ಲು ಕಚ್ಚಿ ಮತ್ತೆ ಬರೆದಳು. “ಹನ್ನೊಂದಕ್ಕ ಬರ್ರಿ. ಮಷಿನ್ ಸಲುವಾಗಿ ಅಷ್ಟ.”

ಮರುದಿನ ಹನ್ನೊಂದಕ್ಕೆ ಐದು ನಿಮಿಷವಿರುವಾಗಲೇ ಸ್ಟುಡಿಯೋ ಮುಂದೆ ಬೈಕು ನಿಂತಿತು. ಹಿಂದಿನ ಸೀಟಿಗೆ ಕಂಪ್ಯೂಟರಿನ ಡಬ್ಬಿಯನ್ನು ಹೊದಿಕೆಯಲ್ಲಿ ಸುತ್ತಿ, ಬೆಲ್ಟು ಬಿಗಿದು ತಂದಿದ್ದ. ತಲೆಯ ಮೇಲೆಲ್ಲ ಕೆಂಪು ಧೂಳು. ಶೇಖವ್ವ ಕ್ಯಾಮೆರಾದ ಹಿಂದಿನಿಂದ ಒಮ್ಮೆ ನೋಡಿದಳು. ಗುರುತು ಹತ್ತಿತು. ಎದುರಿಗೆ ಫೋಟೊಗೆ ಕೂತಿದ್ದ ಮುದುಕನಿಗೆ, “ಅಲುಗಾಡಬ್ಯಾಡ್ರಿ ಯಪ್ಪಾ,” ಎಂದಳು.

ಹಿಂದಿನ ಕೋಣೆಯಲ್ಲಿ ಅವನು ಮೊದಲು ಮಾಡಿದ ಕೆಲಸವೆಂದರೆ ಸುಮ್ಮನೆ ಕೂತು, “ನೀವ್ ಹ್ಯಾಂಗ ಕೆಲಸ ಮಾಡ್ತೀರಿ ಒಂದ್ ಸಲ ತೋರಸ್ರಿ,” ಎಂದದ್ದು. ಅವಳು ತೋರಿಸಿದಳು. ಎಲ್ಲಿ ತಡೆಯುತ್ತದೆ, ಎಲ್ಲಿ ನಿಂತೇಬಿಡುತ್ತದೆ, ಎಲ್ಲಿ ಅವಳು ಎದ್ದು ಚಹಾ ಕುಡಿದು ಬಂದರೂ ಮುಗಿದಿರುವುದಿಲ್ಲ, ಎಲ್ಲವನ್ನೂ. ಅವನು ನಡುವೆ ಬಾಯಿ ಹಾಕಲಿಲ್ಲ. ಅವಳ ಬೆರಳು ಕೀಬೋರ್ಡಿನ ಮೇಲೆ ಓಡುವಾಗ ಅವನ ಕಣ್ಣು ಸ್ಕ್ರೀನಿನಿಂದ ಜಾರಿ ಬೆರಳಿಗೆ ಬರುತ್ತಿತ್ತು, ತಕ್ಷಣ ಸ್ಕ್ರೀನಿಗೆ ಓಡಿಹೋಗುತ್ತಿತ್ತು. ಅವಳಿಗೆ ಅದು ಗೊತ್ತಾಗುತ್ತಿತ್ತು. ಗೊತ್ತಾಗದವಳ ಹಾಗೆ ಮುಖ ಗಂಟು ಹಾಕಿಕೊಂಡಿದ್ದಳು.

ಅದೇ ಅಸೂಟಿ ಹಾಡನ್ನು ಎರಡೂ ಮಷಿನ್ನಿಗೆ ಕೊಟ್ಟು, ಒಟ್ಟಿಗೆ ಎಕ್ಸ್‌ಪೋರ್ಟ್ ಒತ್ತಿದರು. ಅವನದು ಹದಿಮೂರು ನಿಮಿಷಕ್ಕೆ ಮುಗಿಯಿತು. ಅವಳದು ಆಗ ಇನ್ನೂ ಮೂರನೆಯ ಒಂದು ಭಾಗದಲ್ಲಿತ್ತು. ಮುಗಿಯಲು ಇನ್ನೂ ಇಪ್ಪತ್ತೈದು ನಿಮಿಷ ಬೇಕಿತ್ತು.

ಇಪ್ಪತ್ತೈದು ನಿಮಿಷ ಆ ಸಣ್ಣ ಕೋಣೆಯಲ್ಲಿ ಇಬ್ಬರಿಗೂ ಮಾಡಲು ಬೇರೆ ಕೆಲಸವಿರಲಿಲ್ಲ.

“ಈಗ ಹೇಳ್ರಿ,” ಎಂದಳು ನಿರ್ಮಲಾ. “ಅವತ್ತು ಇದ ಖುರ್ಚಿ ಮ್ಯಾಲ ಕುಂತಿದ್ರಿ. ಮೂರನೇ ದಿವಸ ಒಲ್ಲೆ ಅಂತ ಹೇಳಿ ಕಳಿಸಿದ್ರಿ. ಯಾಕ?”

ದ್ಯಾಮೇಶ ಕೈಯಲ್ಲಿದ್ದ ವೈರನ್ನು ಸುತ್ತುತ್ತ ಕೂತ. ಸುತ್ತಿ ಮುಗಿದ ಮೇಲೆ ಬಿಚ್ಚಿದ.

“ಹೊಳ್ಳಿ ಹೋಗೂ ಮುಂದ ಗಾಡ್ಯಾಗ ದೊಡ್ಡಪ್ಪ ಅಂದ್ರು, ಹುಡುಗಿ ಚಲೋ ಅದಾಳ, ಮದುವಿ ಆದ ಮ್ಯಾಲ ಸ್ಟುಡಿಯೋಕ್ಕ ಕೀಲಿ ಹಾಕ್ಸಿದ್ರಾತು, ಮನ್ಯಾಗ ಮಾಡಾಕ ಕೆಲಸೇನು ಕಮ್ಮಿ ಅಂತ. ಎಲ್ಲಾರೂ ಹೂಂ ಅಂದ್ರು. ಅವರ ಎದುರು ಮಾತಾಡಾಕ ನನಗ ಧೈರ್ಯ ಆಗ್ಲಿಲ್ಲ. ನಿಮ್ಮ ಕೆಲಸ ನಾ ಕಣ್ಣಾರೆ ನೋಡಿದ್ದೆ. ಅದು ನಿಲ್ಲಬಾರ್ದು ಅನ್ನಿಸ್ತು. ಅದಕ್ಕ ನಾನ ಒಲ್ಲೆ ಅಂದ್ಬಿಟ್ಟೆ. ನಿಮಗ ಚಲೋ ಆಗ್ಲಿ ಅಂತ.”

ಹನ್ನೊಂದು ತಿಂಗಳು ಅವಳು ನೂರು ಕಾರಣ ಊಹಿಸಿದ್ದಳು. ಬಣ್ಣ, ವಯಸ್ಸು, ಎತ್ತರ, ನಕ್ಕದ್ದು. ಇದೊಂದು ಹೊಳೆದಿರಲಿಲ್ಲ. ಕೇಳಿ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಇಷ್ಟು ದಿನದ ಸಿಟ್ಟು ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

“ಚಲೋ ಆತೇನು?” ಎಂದು ಮೆಲ್ಲಗೆ ಕೇಳಿದಳು.

ಅವನು ವೈರನ್ನು ಮತ್ತೆ ಸುತ್ತತೊಡಗಿದ.

“ಏನ್ ಆತು ಅಂತ ನಾ ಹೇಳ್ತೀನಿ, ಕೇಳ್ರಿ. ಲಕ್ಕಲಕಟ್ಟಿಯಾಗ ನಮ್ಮ ಕಲ್ಲವ್ವತ್ತಿ ಅದಾಳ. ಹುಡುಗೀದ ಏನೋ ಐಬು ಇರಬೇಕು, ಇಲ್ಲಂದ್ರ ಇಷ್ಟು ಲಗೂ ಯಾಕ ಒಲ್ಲೆ ಅಂತಿದ್ರು ಅಂತ ಬಳಗದ ತುಂಬ ಹೇಳ್ಕೋತ ಬಂದ್ಲು. ನಮ್ಮವ್ವ ಮದುವಿ ಮನಿಗೆ ಹೋಗೂದ ಬಿಟ್ಟಾಳ. ಮಂದಿ ಮದುವಿ ಎಲ್ಲಾ ನಾ ಇಲ್ಲಿ ಕುಂತು ನೋಡ್ತೀನಿ, ಬಾಜೂ ಕೋಣ್ಯಾಗ ಇರೂ ಆಕಿ ಒಂದು ಮದುವಿಗೂ ಹೋಗಂಗಿಲ್ಲ. ಇದು ನೀವ್ ಮಾಡಿದ ಚಲೋ.”

“ನನಗ ಗೊತ್ತಿರ್ಲಿಲ್ರಿ.”

“ಹ್ಯಾಂಗ ಗೊತ್ತಾಗ್ತೈತಿ? ಕೇಳಿದ್ರ ಗೊತ್ತಾಗ್ತೈತಿ. ನಿಮ್ಮ ದೊಡ್ಡಪ್ಪಾರ ಮ್ಯಾಲ ನನಗ ಸಿಟ್ಟಿಲ್ಲ. ಅವರಿಗೆ ತಿಳಿದದ್ದು ಅವರು ಅಂದ್ರು. ನಿಮಗ ತಿಳೀತಿತ್ತು. ಒಂದು ಮಾತು ನನಗ ಫೋನ್ ಮಾಡಿ, ಹಿಂಗ ಅಂತಾರ, ಏನ್ ಮಾಡೂಣು ಅಂದಿದ್ರ, ಜಗಳಾ ನಾ ಆಡ್ತಿದ್ದೆ. ನಿಮ್ಮ ಹಿಂದ ನಿಂತು ಅಲ್ಲ, ಮುಂದ ನಿಂತು ಆಡ್ತಿದ್ದೆ. ನನ್ನ ಪರವಾಗಿ ನನಗ ಹೇಳ್ದನ ಒಲ್ಲೆ ಅನ್ನಾಕ ನೀವ್ ಯಾರು?”

ಮುಂದಿನ ಕೋಣೆಯಲ್ಲಿ ಕ್ಯಾಮೆರಾದ ಸದ್ದು ನಿಂತಿತ್ತು. ಶೇಖವ್ವ ಕೇಳಿಸಿಕೊಳ್ಳುತ್ತಿದ್ದಾಳೆಂದು ಇಬ್ಬರಿಗೂ ಗೊತ್ತಾಯಿತು. ನಿರ್ಮಲಾ ದನಿ ಇಳಿಸಲಿಲ್ಲ. ಅವನೂ ಇಳಿಸಲಿಲ್ಲ.

“ಯಾರೂ ಅಲ್ರಿ,” ಎಂದ. “ಖರೇ ಹೇಳ್ಬೇಕಂದ್ರ, ನಾ ಅಂಜಿದ್ದೆ. ಅಂಜಿಕಿಗೆ ದೊಡ್ಡ ಹೆಸರು ಕೊಟ್ಕೊಂಡು ಇಷ್ಟು ದಿವಸ ಅಡ್ಡಾಡಿದೆ. ನಿನ್ನೆ ಅಂಗಡ್ಯಾಗ ನಿಮ್ಮ ಧ್ವನಿ ಗುರ್ತ ಹತ್ತಿತ್ತು. ತಲಿ ಎತ್ತಾಕ ಆಗ್ಲಿಲ್ಲ. ಏನರ ಒಂದು ಹೇಳಿ ಲಗೂ ಕಳಿಸಿದ್ರ ಸಾಕಾಗಿತ್ತು ನನಗ.”

ನಿರ್ಮಲಾ ಮಾನಿಟರಿನ ಕಡೆ ತಿರುಗಿ, ಎಕ್ಸ್‌ಪೋರ್ಟ್ ಎಲ್ಲಿಗೆ ಬಂತೆಂದು ನೋಡಿದಳು.

“ಆಫ್ತಾಬ ನೆಟ್ಟಿನ್ಯಾಗ ಹಾಕೂ ಮದುವಿ ವಿಡಿಯೋದಾಗ ನೀವ್ ಮಾಡಿದ್ದು ಯಾವುದು ಅಂತ ನನಗ ಗೊತ್ತಾಗ್ತೈತಿ,” ಎಂದ ಅವನು, ವೈರಿನ ಕಡೆ ನೋಡುತ್ತ. “ಅಂವ ಹೇಳೂದು ಬೇಕಾಗಂಗಿಲ್ಲ. ತಾಳಿ ಕಟ್ಟೂ ಮುಂದ ಎಲ್ಲಾರೂ ಮದುಮಕ್ಕಳನ್ನ ತೋರಸ್ತಾರ. ನೀವ್ ಹುಡುಗಿ ತಾಯಿ ಮುಖಾ ತೋರಸ್ತೀರಿ. ಒಂದನ್ನೂ ಬಿಟ್ಟಿಲ್ಲ ನಾ. ಎಲ್ಲಾ ನೋಡೀನಿ.”

ತಾನು ತಾಯಿಯ ಮುಖಕ್ಕೆ ಕತ್ತರಿಸುವುದನ್ನು ಯಾರಾದರೂ ಗಮನಿಸಿದ್ದಾರೆ ಎಂದು ನಿರ್ಮಲಾಳಿಗೆ ಈವರೆಗೆ ತಿಳಿದಿರಲಿಲ್ಲ. ಆದರೂ ಬಿಡಲಿಲ್ಲ.

“ಇಷ್ಟೆಲ್ಲಾ ನೋಡೀರಿ. ಸಾಫ್ಟ್‌ವೇರ್ ಹೊಸಾದು ಅನ್ನೂದು ಕಾಣ್ಲಿಲ್ಲ?”

“ನಾ ಸಾಫ್ಟ್‌ವೇರ್ ನೋಡ್ತಿದ್ದಿಲ್ರಿ,” ಎಂದ.

ಕಿವಿ ಪೂರ್ತಿ ಕೆಂಪು. ಅವಳು ಮುಖ ಆಚೆ ತಿರುಗಿಸಿಕೊಂಡಳು. ನಗು ಬಂದದ್ದು ಅವನಿಗೆ ಕಾಣಬಾರದೆಂದು.

ಕಡೆಗೆ ಅವಳ ಮಷಿನ್ ಮೂವತ್ತೆಂಟು ನಿಮಿಷಕ್ಕೆ ಮುಗಿಸಿತು. ಅವನು ಇನ್ನೊಂದು ಪರೀಕ್ಷೆಯನ್ನೂ ಮಾಡಿದ. ಕತ್ತರಿಸುವಾಗ ವಿಡಿಯೋ ತಡೆತಡೆದು ಓಡುತ್ತಿತ್ತಲ್ಲ, ಅದು ಎಂಟು ಕೋರಿನಲ್ಲೂ ಹಾಗೆಯೇ ತಡೆಯಿತು. ದೃಶ್ಯಗಳನ್ನು ಅವಳ ಹಳೆಯ ಹಾರ್ಡ್ ಡಿಸ್ಕಿನಿಂದ ತೆಗೆದು ಹೊಸ, ವೇಗದ ಎಸ್‌ಎಸ್‌ಡಿ ಡಿಸ್ಕಿಗೆ ಹಾಕಿದ ಮೇಲೆ ಎರಡರಲ್ಲೂ ನೀರಿನ ಹಾಗೆ ಓಡಿತು.

“ಕಟಿಂಗ್ ಸಲುವಾಗಿ ಕೋರು ಬ್ಯಾಡ, ಎಸ್‌ಎಸ್‌ಡಿ ಸಾಕು. ಎಕ್ಸ್‌ಪೋರ್ಟಿಗೆ ಮಾತ್ರ ಕೋರು ಬೇಕ ಬೇಕು. ಅದಕ್ಕ ಬೋರ್ಡು, ರ್‍ಯಾಮು ಎರಡೂ ಬದಲಿ ಮಾಡಬೇಕಾಗ್ತೈತಿ. ಹದಿನಾರು ಹಾಕಿದ್ರ ಇನ್ನೂ ಲಗೂ ಆಗ್ತೈತಿ, ಖರ್ಚಿನಷ್ಟು ಲಗೂ ಆಗಂಗಿಲ್ಲ.” ಅಲ್ಲಿಗೆ ನಿಲ್ಲಿಸಿದ. ಮುಂದಿನ ಮಾತು ನಾಲಿಗೆಯ ತುದಿಗೆ ಬಂದದ್ದು ಅವಳಿಗೆ ಕಂಡಿತು. ಅವನು ಅದನ್ನು ನುಂಗಿದ. “ನಿಮಗ ಯಾವುದು ಬೇಕ್ರಿ?”

ಅವಳು ಲೆಕ್ಕ ಹಾಕಿದಳು. ನಾಲ್ಕು ದಿನದಲ್ಲಿ ಒಂದು ಮದುವೆ. ಎಂಟು ಕೋರಿನಲ್ಲಿ ಆಗುತ್ತದೆ.

“ಎಂಟು ಹಾಕ್ರಿ. ಎಸ್‌ಎಸ್‌ಡೀನೂ ಹಾಕ್ರಿ. ದೀಪ ಬ್ಯಾಡ.”

“ಆತ್ರಿ.”

“ಮಷಿನ್ನಿನ ಮಾತು ಮುಗೀತು. ನನ್ನ ಸಿಟ್ಟು ಮುಗದಿಲ್ಲ.”

“ಗೊತ್ತೈತ್ರಿ,” ಎಂದು ಅವನು ಬೈಕಿಗೆ ಡಬ್ಬಿ ಕಟ್ಟತೊಡಗಿದ.

ನಾಲ್ಕನೆಯ ದಿನ ಹೊಸ ಮಷಿನ್ ಜೋಡಿಸಿ ಕೊಟ್ಟು ಹೋದ. ಕೆಲಸದ ಹೊರತು ಒಂದು ಮಾತನ್ನೂ ಆಡಲಿಲ್ಲ. ಅದಾದ ವಾರಕ್ಕೆ ಒಂದು ಮೆಸೇಜು ಬಂತು. “ಲಕ್ಕಲಕಟ್ಟಿಗೆ ಹೋಗಿ ನಿಮ್ಮ ಅತ್ತಿಯವರಿಗೆ ಖರೇ ಹೇಳಬೇಕು ಅಂತ ಮಾಡೀನಿ. ಹೋಗ್ಲೇನ್ರಿ? ನೀವ್ ಬ್ಯಾಡ ಅಂದ್ರ ಹೋಗಂಗಿಲ್ಲ.”

ಅವಳು ಆ ಮೆಸೇಜನ್ನು ಮೂರು ಸಲ ಓದಿದಳು. “ಹೋಗ್ರಿ,” ಎಂದು ಬರೆದಳು.

ಸುದ್ದಿಯನ್ನು ಕಲ್ಲವ್ವನೇ ಹೊತ್ತು ತಂದಳು. ಮಧ್ಯಾಹ್ನದ ಬಿಸಿಲಲ್ಲಿ ಬಂದು, ನೀರು ಕೂಡ ಕುಡಿಯದೆ ಕೂತು ಶುರುಮಾಡಿದಳು.

“ನಮ್ಮ ಕಟ್ಟಿ ಮ್ಯಾಲ ಏಳೆಂಟು ಮಂದಿ ಕುಂತಿದ್ರು ಶೇಖವ್ವ. ಅವರ ಮುಂದನ ಹೇಳಿದ. ಹುಡುಗೀದ ಏನೂ ಇಲ್ರಿ, ಆಕಿ ಕೆಲಸ ಬಿಡಸ್ತಾರ ಅಂತ ನಾ ಅಂಜಿ ಒಲ್ಲೆ ಅಂದೆ, ಗಂಡಸಾಗಿ ಬಾಯಿ ಬಿಡ್ಲಿಲ್ಲ, ತಪ್ಪು ನಂದು ಅಂತ. ತಮ್ಮ ದೊಡ್ಡಪ್ಪನ್ನೂ ಜೋಡಿ ಕರಕೊಂಡ ಬಂದಿದ್ದ. ಆ ಹಿರ್‍ಯಾ ನೆಲಾ ನೋಡ್ಕೋತ ನಿಂತಿದ್ದ.”

ಶೇಖವ್ವ ಎದ್ದು ಒಳಗೆ ಹೋದಳು. ಟ್ರಂಕು ತೆರೆದ ಸದ್ದು ಕೇಳಿತು. ಆ ಗುರುವಾರ ಬೆಳವಣಕಿಯಲ್ಲಿ ತಂಗಿಯ ಮಗನ ಮದುವೆಯಿತ್ತು. ಹನ್ನೊಂದು ತಿಂಗಳ ಮೇಲೆ ಅವಳು ಇಳಕಲ್ ಸೀರೆ ಉಟ್ಟು, ಮುಂದಿನ ಸಾಲಿನಲ್ಲಿ ಕೂತು ಬಂದಳು.

ಅಂದು ಸಂಜೆ ನಿರ್ಮಲಾ ತಾನಾಗಿಯೇ ಮೆಸೇಜು ಮಾಡಿದಳು. “ಬರೂ ಸೋಮವಾರ ನಾನೂ ಅವ್ವಾನೂ ರೋಣಕ್ಕ ಬರ್ತೀವಿ. ಗಂಡು ನೋಡಾಕ.”

ಆ ಸೀಮೆಯಲ್ಲಿ ಗಂಡನ್ನು ನೋಡಲು ಹುಡುಗಿಯೇ ಹೋದದ್ದನ್ನು ಯಾರೂ ಕಂಡಿರಲಿಲ್ಲ. ರೋಣದ ಮನೆಯಲ್ಲಿ ತೋಟಪ್ಪ ಗೋಡೆಗೆ ಒರಗಿ ಗಡ್ಡ ಕೆರೆದುಕೊಳ್ಳುತ್ತ ಕೂತಿದ್ದ. ದ್ಯಾಮೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಚಹಾ ತಂದ. ನಿರ್ಮಲಾಳ ಕಪ್ಪಿನದು ಅರ್ಧ ಬಸಿಗೇ ಚೆಲ್ಲಿತ್ತು. ನಿರ್ಮಲಾ ಅವನನ್ನು ಕಾಲಿನಿಂದ ತಲೆಯವರೆಗೆ ನಿಧಾನವಾಗಿ ನೋಡಿದಳು. ಅವನು ಎಲ್ಲಿ ನೋಡಬೇಕೆಂದು ತಿಳಿಯದೆ ಕ್ಯಾಲೆಂಡರ್ ನೋಡಿದ.

“ಸ್ಟುಡಿಯೋ ಬಗ್ಗೆ,” ಎಂದು ಅವನೇ ಶುರುಮಾಡಿದ. “ನಾ ದಿನಾ ಹೋಗಿ ಬಂದು...”

ಅಲ್ಲಿಗೆ ತಡೆದ. ನಿರ್ಮಲಾಳ ಹುಬ್ಬು ನೋಡಿದ.

“ನಿಮಗ ಹ್ಯಾಂಗ ಬೇಕ್ರಿ?”

“ವಾರದಾಗ ನಾಕು ದಿವಸ ಗಜೇಂದ್ರಗಡ, ಮೂರು ದಿವಸ ರೋಣ. ನಮ್ಮವ್ವನ್ನ ಬಿಡಂಗಿಲ್ಲ, ಕೆಲಸಾನೂ ಬಿಡಂಗಿಲ್ಲ.”

“ಆ ನಾಕು ದಿವಸ ಸಂಜಿಕೆ ನಾನೂ ಅಲ್ಲೇ ಬರಬಹುದೇನ್ರಿ?”

“ಬರಬಹುದು.”

ತೋಟಪ್ಪ ಕೆಮ್ಮಿದ. “ಅಲ್ಲವಾ, ಮಂದಿ ಏನಂತಾರ?”

ಅದಕ್ಕೆ ಉತ್ತರ ಕೊಟ್ಟವಳು ಶೇಖವ್ವ. “ಮಂದಿ ಅನ್ನಾಕ ಹತ್ತಿ ಹನ್ನೊಂದು ತಿಂಗಳಾತ್ರಿ. ಇನ್ನೊಂದಿಷ್ಟು ದಿವಸ ಅನ್ಲಿ. ನಮಗ ರೂಢಿ ಆಗೈತಿ.”

ತೋಟಪ್ಪ ತನ್ನ ಕಪ್ಪನ್ನು ನಿರ್ಮಲಾಳ ಕಡೆ ಸರಿಸಿದ. “ನಿಂದು ಚೆಲ್ಲಿಬಿಟ್ಟಾನ. ಇದನ್ನ ಕುಡಿಯವಾ,” ಎಂದ. ಅದಕ್ಕಿಂತ ದೊಡ್ಡ ಒಪ್ಪಿಗೆ ಆ ಮನುಷ್ಯನಿಂದ ಬರುವಂತಿರಲಿಲ್ಲ. ನಿರ್ಮಲಾ ಮಾತ್ರ ಇನ್ನೂ ಹೂಂ ಅಂದಿರಲಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ದ್ಯಾಮೇಶ ಬಂದ. ಶೇಖವ್ವ ಮುಂದೆ ಹೋಗಿ ಬಸ್ಸಿನಲ್ಲಿ ಸೀಟು ಹಿಡಿದಳು. ಇವರಿಬ್ಬರೂ ಫುಟ್‌ಬೋರ್ಡಿನ ಹತ್ತಿರ ನಿಂತರು.

“ಸಿಟ್ಟು ಇನ್ನೂ ಹೋಗಿಲ್ಲ,” ಎಂದಳು ನಿರ್ಮಲಾ.

“ಹೌದ್ರಿ.”

“ಲಗೂ ಹೋಗೂದೂ ಇಲ್ಲ. ಮದುವಿ ಆದ ಮ್ಯಾಲೂ ಒಂದೆರಡು ವರ್ಷ ಇರ್ತೈತಿ.”

“ಇರ್ಲಿ...” ಎಂದವನು ಅಲ್ಲೇ ನಿಂತುಬಿಟ್ಟ. ಕೈ ಬಸ್ಸಿನ ಕಂಬಿಯ ಮೇಲೆಯೇ ಉಳಿಯಿತು. “ಯಾರ ಮದುವಿ ಆದ ಮ್ಯಾಲ್ರಿ?”

ಅವಳು ಬಸ್ಸು ಹತ್ತಿದಳು. ಕಂಡಕ್ಟರ್ ಸೀಟಿ ಊದಿದ. ದ್ಯಾಮೇಶ ಕಿಟಕಿಯಿಂದ ಕಿಟಕಿಗೆ ಅವಳನ್ನು ಹುಡುಕುತ್ತ ಬಂದ. ನಾಲ್ಕನೆಯ ಕಿಟಕಿಯಲ್ಲಿ ಸಿಕ್ಕಳು. ಈ ಸಲ ಕಣ್ಣು ತಪ್ಪಿಸಲಿಲ್ಲ.

“ನಿರ್ಮಲಾ ಅವರ, ಯಾವಾಗ?”

ಬಸ್ಸು ಸರಿಯತೊಡಗಿತ್ತು. ಅವಳು ಕಿಟಕಿಯ ಸರಳಿಗೆ ಮುಖ ತಂದಳು. ಮುಖ ಇನ್ನೂ ಬಿಗಿದುಕೊಂಡೇ ಇತ್ತು, ಕಣ್ಣು ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ.

“ಸೀಜನ್ ಮುಗೀಲಿ. ಕೈಯಾಗ ಇನ್ನೂ ಒಂಬತ್ತು ಮದುವಿ ಅದಾವ. ನಮ್ಮದು ಹತ್ತನೇದು.”